ಕಪ್ಪತಗುಡ್ಡದಿಂದ ತುಂಗಭದ್ರೆವರೆಗೆ: ಗದಗಿನ ನೀರಿಗೆ ಕಾವಲು ಯಾರು?

ಗದಗ-ಬೆಟಗೇರಿಯಲ್ಲಿ ಬೆಳೆದವರಿಗೆ ಒಂದು ವಿದ್ಯೆ ಯಾರೂ ಹೇಳಿಕೊಡದೆ ಬಂದಿರುತ್ತದೆ. ಅದು ನಳ ಬಿಡುವ ದಿನದ ಲೆಕ್ಕ. 'ಇವತ್ತಿಗೆ ಎಷ್ಟು ದಿನ ಆತು?' ಅಂತ ಕೇಳಿದರೆ ಮನೆಯ ಚಿಕ್ಕ ಮಗುವೂ ಹೇಳುತ್ತೆ. ಹದಿನೈದು ದಿನಕ್ಕೊಮ್ಮೆ, ಇಪ್ಪತ್ತು ದಿನಕ್ಕೊಮ್ಮೆ, ಬೇಸಿಗೆ ಜೋರಾದರೆ ಅದಕ್ಕಿಂತಲೂ ತಡ. ಅಂಗಳದ ತೊಟ್ಟಿ, ಬಾತ್‌ರೂಮಿನ ಡ್ರಮ್ಮು, ಅಡುಗೆಮನೆಯ ಕೊಡ ಎಲ್ಲವೂ ಆ ಒಂದು ದಿನಕ್ಕೆ ಕಾದು ಕೂತಿರುತ್ತವೆ. ಇಂಥ ಊರಿನ ಪಕ್ಕದಲ್ಲೇ ಒಂದು ವನ್ಯಜೀವಿಧಾಮ ಇದೆ. ಅದೇ ಜಿಲ್ಲೆಯಲ್ಲಿ ಜಗತ್ತು ಗುರುತಿಸಿದ ಒಂದು ಕೆರೆ ಇದೆ. ಜಿಲ್ಲೆಯ ದಕ್ಷಿಣದ ಅಂಚಿಗೆ ರಾಜ್ಯದ ದೊಡ್ಡ ನದಿಗಳಲ್ಲೊಂದು ಹರಿಯುತ್ತದೆ. ಈ ಮೂರನ್ನೂ ಉಳಿಸುವ ಮಾತು ಬಂದಾಗಲೆಲ್ಲ 'ಪರಿಸರ' ಅನ್ನುವ ಬೇರೆಯದೇ ಖಾತೆಗೆ ಹಾಕಿ, ನಳದ ನೀರನ್ನು 'ಅಭಿವೃದ್ಧಿ' ಖಾತೆಗೆ ಬರೆದುಕೊಳ್ಳುತ್ತೇವೆ. ಲೆಕ್ಕ ತಪ್ಪುವುದು ಅಲ್ಲೇ.

ಕಪ್ಪತಗುಡ್ಡದ ಸುದ್ದಿ ಎರಡು-ಮೂರು ವರ್ಷಕ್ಕೊಮ್ಮೆ ಮೇಲೆದ್ದು ಬರುತ್ತೆ. ಗಣಿ ಅರ್ಜಿ, ಪ್ರತಿಭಟನೆ, ಸಚಿವರ ಹೇಳಿಕೆ, ಮತ್ತೆ ಮೌನ. ಪ್ರತಿ ಸಲವೂ ಮೊದಲಿಂದ ಓದಬೇಕಾದವರಿಗೆ ಒಂದು ಕಡೆ ಎಲ್ಲ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಭೂಗೋಳ

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳುತ್ತೆ. ಮರುಭೂಮಿ ಅಂತ ಯಾರೂ ಕರೆಯುವುದಿಲ್ಲ, ಆದರೆ ದೇಶದಲ್ಲಿ ರಾಜಸ್ಥಾನ ಬಿಟ್ಟರೆ ಹೆಚ್ಚು ಬರಪೀಡಿತ ಪ್ರದೇಶ ಇರುವುದು ಕರ್ನಾಟಕದಲ್ಲಿ, ಅದರಲ್ಲೂ ಈ ಬಯಲುಸೀಮೆಯಲ್ಲಿ. ಉತ್ತರಕ್ಕೆ ನರಗುಂದ-ರೋಣದ ಕಡೆ ಮಲಪ್ರಭೆ, ದಕ್ಷಿಣಕ್ಕೆ ಶಿರಹಟ್ಟಿ-ಮುಂಡರಗಿಯ ಅಂಚಿಗೆ ತುಂಗಭದ್ರೆ. ನಡುವೆ ಎರೆಭೂಮಿ, ಮಸಾರಿ, ಮತ್ತು ಗದಗ ಪಕ್ಕದ ಬಿಂಕದಕಟ್ಟಿಯಿಂದ ಹೊರಟು ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಹೊಳೆದಂಡೆವರೆಗೆ ಅರವತ್ತು ಕಿ.ಮೀ.ಗೂ ಮಿಕ್ಕಿ ಚಾಚಿಕೊಂಡ ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲ್ಲೂಕುಗಳಲ್ಲಿ ಅದರ ಮೈ ಹರಡಿದೆ. ಅಂದರೆ ಗುಡ್ಡದ ಒಂದು ತುದಿ ನೀರಿಲ್ಲದ ಊರಲ್ಲಿ, ಇನ್ನೊಂದು ತುದಿ ನದಿಯಲ್ಲಿ.

ತುಂಗಭದ್ರೆಯನ್ನು ನಾವು ಜೀವನದಿ ಅನ್ನುತ್ತೇವೆ. ಶಿವಮೊಗ್ಗದ ಕೂಡಲಿಯಲ್ಲಿ ತುಂಗೆ-ಭದ್ರೆ ಸೇರಿ ಹೊರಟ ಮಲೆನಾಡಿನ ನೀರು ಅದು, ನಿಜ. ಆದರೆ ಮುಂಡರಗಿಯ ಕೊರ್ಲಹಳ್ಳಿ ಸೇತುವೆ ಮೇಲೆ ಏಪ್ರಿಲ್ ತಿಂಗಳಲ್ಲಿ ನಿಂತು ನೋಡಿ. ಬಂಡೆ, ಮರಳು, ಅಲ್ಲಲ್ಲಿ ಮಡು. ಬೇಸಿಗೆಯಲ್ಲಿ ಗದಗಿಗೆ ಕುಡಿಯಲು ನೀರು ಬೇಕೆಂದರೆ ಮೇಲಿನ ಭದ್ರಾ ಜಲಾಶಯದಿಂದ ನದಿಗೆ ಬಿಡಿಸಿಕೊಳ್ಳಬೇಕು. ಬಿಟ್ಟ ನೀರು ದಾರಿಯುದ್ದಕ್ಕೂ ಕೂತ ಪಂಪುಗಳನ್ನು ದಾಟಿ ಹಮ್ಮಿಗಿ ಬ್ಯಾರೇಜಿಗೆ ಮುಟ್ಟಬೇಕು. ಕೆಲ ವರ್ಷ ಅದಕ್ಕಾಗಿ ದಂಡೆಯ ಪಂಪ್‌ಸೆಟ್ಟುಗಳ ಕರೆಂಟ್ ಕಟ್ ಮಾಡಿದ್ದೂ ಉಂಟು. ಸ್ವಭಾವದಲ್ಲಿ ಮಲೆನಾಡಿನ ನದಿ, ಇಲ್ಲಿಗೆ ಬರುವ ಹೊತ್ತಿಗೆ ಒಣನಾಡಿನ ನದಿ. ಸಂರಕ್ಷಣೆ ಅನ್ನುವ ಮಾತಿಗೆ ಇಲ್ಲಿ ಬೇರೆ ಅರ್ಥ ಬರುವುದು ಈ ಕಾರಣಕ್ಕೆ.

ಒಂದು ಬಾಯಿಲೆಕ್ಕ

ಎಂಜಿನಿಯರಿಂಗ್ ಓದಿ ಬಿಟ್ಟವನ ಚಟ, ಸಹಿಸಿಕೊಳ್ಳಿ. ಕಪ್ಪತಗುಡ್ಡ ವನ್ಯಜೀವಿಧಾಮದ ವಿಸ್ತೀರ್ಣ 244.15 ಚದರ ಕಿ.ಮೀ. ಅದರ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ ಒಟ್ಟು ಸುಮಾರು 14.6 ಕೋಟಿ ಘನ ಮೀಟರ್ ನೀರು. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಐದು ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಹಮ್ಮಿಗಿಯಲ್ಲಿ ಕಟ್ಟಿದ ಸಿಂಗಟಾಲೂರು ಏತ ನೀರಾವರಿ ಬ್ಯಾರೇಜಿನ ಪೂರ್ಣ ಸಾಮರ್ಥ್ಯ ಮೂರು ಟಿಎಂಸಿ ಆಸುಪಾಸು.

ಬಿದ್ದದ್ದೆಲ್ಲ ಕೈಗೆ ಸಿಗುವುದಿಲ್ಲ. ಬಹುಪಾಲು ಆವಿಯಾಗಿ, ಹುಲ್ಲು-ಗಿಡ ಕುಡಿದು ಹೋಗುತ್ತೆ. ಹತ್ತರಲ್ಲಿ ಒಂದು ಪಾಲು ಮಾತ್ರ ನೆಲಕ್ಕಿಳಿದು ಅಥವಾ ಹಳ್ಳಕ್ಕೆ ಹರಿದು ಉಳಿಯಿತು ಅಂತಿಟ್ಟುಕೊಳ್ಳಿ. ಅರ್ಧ ಟಿಎಂಸಿ. 2011ರ ಜನಗಣತಿಯಂತೆ ಗದಗ-ಬೆಟಗೇರಿಯ ಜನ 1.72 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ವರ್ಷಕ್ಕೆ ಬೇಕಾಗುವುದು 0.3 ಟಿಎಂಸಿ. ಈ ಹತ್ತರಲ್ಲೊಂದು ಅನ್ನುವುದು ನನ್ನ ಊಹೆ, ಅಳತೆಯಲ್ಲ. ಗುಡ್ಡದ ನೀರನ್ನೆಲ್ಲ ಪೈಪಿನಲ್ಲಿ ಹಿಡಿದು ಗದಗಿಗೆ ತರಬೇಕು ಅಂತಲೂ ಇದರರ್ಥವಲ್ಲ. ಆ ನೀರಿಗೆ ಈಗಾಗಲೇ ವಾರಸುದಾರರಿದ್ದಾರೆ: ಬುಡದ ಹಳ್ಳಿಗಳ ಬಾವಿ, ಬೋರು, ಕೆರೆ, ಕುರಿ ಕುಡಿಯುವ ಗುಂಡಿ. ನಾನು ತೋರಿಸಬೇಕೆಂದಿದ್ದು ಗಾತ್ರವನ್ನು ಮಾತ್ರ. 'ಆ ಬೋಳುಗುಡ್ಡದಾಗ ಏನೈತಿ' ಅನ್ನುವವರಿಗೆ ಉತ್ತರ: ಒಂದೂಮುಕ್ಕಾಲು ಬ್ಯಾರೇಜಿನಷ್ಟು ಮಳೆ ಐತಿ.

ಆ ಮಳೆ ನಿಧಾನಕ್ಕೆ ಇಳಿಯುತ್ತೋ, ಒಂದೇ ಏಟಿಗೆ ಮಣ್ಣು ಕೊಚ್ಚಿಕೊಂಡು ಓಡುತ್ತೋ ಅನ್ನುವುದನ್ನು ನಿರ್ಧರಿಸುವುದು ಗುಡ್ಡದ ಚರ್ಮ. ಹುಲ್ಲು, ಕುರುಚಲು, ಸೀಳುಬಿಟ್ಟ ಕಲ್ಲಿನ ಪದರ. ಮೇಲಿನ ಹುಲ್ಲು ಹನಿಯ ಏಟನ್ನು ತಡೆಯುತ್ತೆ, ಕಲ್ಲಿನ ಸೀಳು ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ಚರ್ಮ ಸುಲಿದರೆ ಮಣ್ಣು ಹೊಳೆಗೆ ಹೋಗುತ್ತೆ, ಹೊಳೆಯಿಂದ ಡ್ಯಾಮಿಗೆ. ಹೊಸಪೇಟೆಯ ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಆ ಹೂಳೆಲ್ಲ ಕಪ್ಪತಗುಡ್ಡದ್ದು ಅಂದರೆ ಸುಳ್ಳಾಗುತ್ತೆ, ಜಲಾನಯನ ದೊಡ್ಡದು. ಆದರೆ ಇಂಥ ಸಣ್ಣ ಸಣ್ಣ ಗುಡ್ಡಗಳೇ ಸೇರಿ ಆ ಮೊತ್ತ ಆಗುವುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಎಲ್ಲರೂ ಗೇಟಿನ ಚೈನ್ ಬಗ್ಗೆ ಮಾತಾಡಿದೆವು. ಅದೇ ಡ್ಯಾಮಿನ ತಳದಲ್ಲಿ ಕೂತ ಇಪ್ಪತ್ತೆಂಟು ಟಿಎಂಸಿ ಮಣ್ಣಿನ ಬಗ್ಗೆ ಅಂಥ ಬ್ರೇಕಿಂಗ್ ನ್ಯೂಸ್ ಬರಲಿಲ್ಲ, ಬರುವುದೂ ಇಲ್ಲ.

ಗುಡ್ಡದ ಮೇಲೆ ಯಾರಿದ್ದಾರೆ?

ಕಪ್ಪತಗುಡ್ಡವನ್ನು ಔಷಧಿ ಸಸ್ಯಗಳ ಗುಡ್ಡ ಅಂತಲೇ ಬಹಳ ಮಂದಿ ಬಲ್ಲರು. ಪ್ರಾಣಿಗಳ ಕಡೆ ಗಮನ ಹರಿದದ್ದು ಈಚೆಗೆ. ಕತ್ತೆಕಿರುಬ, ತೋಳ, ಚಿರತೆ, ನರಿ, ಕೊಂಡುಕುರಿ, ಕೃಷ್ಣಮೃಗ, ನವಿಲು. ಹುಲಿ, ಆನೆ ಇಲ್ಲದ ಕಾಡಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಸಫಾರಿ ಜೀಪಿನಲ್ಲಿ ಹೋಗಿ ಕತ್ತೆಕಿರುಬದ ಫೋಟೊ ಹಾಕಿಕೊಂಡರೆ ಎಷ್ಟು ಲೈಕ್ ಬಂದಾವು! ಆದರೆ ಸತ್ತ ದನ-ಕುರಿಯನ್ನು ಮೂಳೆಸಮೇತ ಕರಗಿಸಿ ಊರ ಸುತ್ತ ಸ್ವಚ್ಛವಾಗಿಡುವ ಪ್ರಾಣಿ ಅದು. ತೋಳ, ಕೃಷ್ಣಮೃಗಗಳಿಗೆ ಬೇಕಿರುವುದು ದಟ್ಟ ಕಾಡಲ್ಲ, ಬಯಲು ಮತ್ತು ಹುಲ್ಲು.

ಇಲ್ಲೊಂದು ಎಡವಟ್ಟು ಇದೆ. ಸರ್ಕಾರಿ ಕಾಗದದಲ್ಲಿ ಹುಲ್ಲುಗಾವಲಿಗೆ ಬಹುಕಾಲ 'ಪಾಳುಭೂಮಿ' ಅಂತಲೇ ಹೆಸರು. ಪಾಳುಭೂಮಿ ಅಂದಮೇಲೆ ಏನಾದರೂ ಹಾಕಲೇಬೇಕಲ್ಲ. ಒಬ್ಬರು ನೀಲಗಿರಿ-ಅಕೇಶಿಯಾ ಅಂದರು, ಇನ್ನೊಬ್ಬರು ಗಾಳಿಯಂತ್ರ ಅಂದರು, ಮತ್ತೊಬ್ಬರು ಗಣಿ ಅಂದರು. ಒಳ್ಳೆ ಮನಸ್ಸಿನ ಕಾಲೇಜು ಹುಡುಗರು ಜೂನ್ ಐದಕ್ಕೆ ಬಂದು ಗುಂಡಿ ತೋಡಿ ಸಸಿ ನೆಟ್ಟು ಹೋಗುತ್ತಾರೆ. ಹುಲ್ಲಿನ ನೆಲದಲ್ಲಿ ಗುಂಡಿ ತೋಡಿ ಮರ ನೆಡುವುದು ಸಹಾಯವಲ್ಲ, ಹಾಗೆ ಹೇಳಿದರೆ ಅವರಿಗೆ ಬೇಜಾರು. ಗಾಳಿಯಂತ್ರಗಳ ವಿಷಯವೂ ಅಷ್ಟೇ. ಕಪ್ಪತಗುಡ್ಡದ ಏಣಿನ ಮೇಲೆ ಸಾಲಾಗಿ ನಿಂತ ಆ ಬಿಳಿ ರೆಕ್ಕೆಗಳು ಹೊಗೆ ಉಗುಳುವುದಿಲ್ಲ. ಆದರೆ ಒಂದೊಂದು ಕಂಬಕ್ಕೂ ಲಾರಿ ಹತ್ತುವ ರಸ್ತೆ ಕಡಿದಿದ್ದಾರೆ, ಆ ರಸ್ತೆಗಳೇ ಮಳೆಗಾಲದಲ್ಲಿ ಕೊರಕಲು. ಹವಾಮಾನ ಬದಲಾವಣೆಗೆ ಗಾಳಿ ವಿದ್ಯುತ್ ಬೇಕು ಅನ್ನುವ ಪಕ್ಷದವನೇ ನಾನು. ಏಣಿನ ಬದಲು ಬಯಲಿನ ಹೊಲದಲ್ಲಿ ನಿಲ್ಲಿಸಿದರೆ ಕರೆಂಟು ಸ್ವಲ್ಪ ಕಡಿಮೆ ಬರಬಹುದು, ನೆಲ ಉಳಿಯುತ್ತೆ.

ಬೆಂಕಿ ಇನ್ನೊಂದು. ಪ್ರತಿ ಬೇಸಿಗೆಗೆ ಗುಡ್ಡಕ್ಕೆ ಬೆಂಕಿ ಬೀಳುತ್ತೆ. ಸುಟ್ಟರೆ ಮಳೆ ಬಿದ್ದಾಗ ಹೊಸ ಹುಲ್ಲು ಎಳೆಯದಾಗಿ ಬರುತ್ತೆ ಅನ್ನುವ ನಂಬಿಕೆ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ, ಹುಲ್ಲಿನ ಬೀಜಕ್ಕೆ, ಮೊದಲ ಮಳೆಯ ಏಟು ತಿನ್ನಬೇಕಾದ ಬೆತ್ತಲೆ ಮಣ್ಣಿಗೆ ಪ್ರತಿ ವರ್ಷದ ಬೆಂಕಿ ತಡೆಯಲಾಗದ್ದು.

ಕೊಟ್ಟದ್ದು, ಕಸಿದದ್ದು, ಮತ್ತೆ ಕೊಟ್ಟದ್ದು

ಈ ಕತೆ ಶುರುವಾಗುವುದು ಗುಡ್ಡದಿಂದಲ್ಲ, ಹೊಲದಿಂದ. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದ ಬೆನ್ನಿಗೆ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಉಕ್ಕಿನ ಕಾರ್ಖಾನೆಗೆ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಕೇಳಿತು. ಹೂಡಿಕೆ ಸುಮಾರು 32 ಸಾವಿರ ಕೋಟಿ ರೂಪಾಯಿ ಅಂತ ಪ್ರಚಾರ. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಬೀದಿಗಿಳಿದರು. 2011ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಯೋಜನೆಯನ್ನು ಅಲ್ಲಿಂದ ಕೈಬಿಟ್ಟರು. ಉಕ್ಕಿನ ಕಾರ್ಖಾನೆಗೆ ಅದಿರು ಬೇಕು, ನೀರು ಬೇಕು. ಎರಡೂ ಎಲ್ಲಿಂದ ಬರುತ್ತಿತ್ತು ಅನ್ನುವ ಪ್ರಶ್ನೆ ಜನರ ಕಣ್ಣನ್ನು ಗುಡ್ಡದ ಕಡೆ, ಹೊಳೆಯ ಕಡೆ ತಿರುಗಿಸಿತು.

2015ರ ಡಿಸೆಂಬರ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ಕಪ್ಪತಗುಡ್ಡದ 17,872 ಹೆಕ್ಟೇರನ್ನು 'ಸಂರಕ್ಷಿತ ಮೀಸಲು ಪ್ರದೇಶ' ಅಂತ ಘೋಷಿಸಿತು. ಒಂದು ವರ್ಷವೂ ತುಂಬಿರಲಿಲ್ಲ, 2016ರ ನವೆಂಬರ್‌ನಲ್ಲಿ ಅದೇ ಸರ್ಕಾರ ಅದನ್ನು ವಾಪಸ್ ಪಡೆಯಿತು. ಬಲ್ಡೋಟಾ ಸಮೂಹದ ರಾಮಗಡ ಮಿನರಲ್ಸ್ ಕಂಪನಿ ಇಲ್ಲಿ ಚಿನ್ನದ ಗಣಿಗೆ ಅನುಮತಿ ಕೇಳಿದ್ದ ಕಾಲ ಅದು. ಜನ ಎರಡನ್ನೂ ಕೂಡಿಸಿ ಓದಿದರು. 2017ರ ಫೆಬ್ರವರಿಯಲ್ಲಿ ಸಿದ್ಧಲಿಂಗ ಸ್ವಾಮೀಜಿ ನೇತೃತ್ವದಲ್ಲಿ ಗದಗಿನಲ್ಲಿ ಮೂರು ದಿನ ಅಹೋರಾತ್ರಿ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಸರ್ಕಾರ ಮೀಸಲು ಸ್ಥಾನವನ್ನು ಮರಳಿಸಿತು. 2018ರ ಅಕ್ಟೋಬರ್‌ನಲ್ಲಿ ಸ್ವಾಮೀಜಿ ತೀರಿಕೊಂಡರು. 2019ರ ಮೇನಲ್ಲಿ ಗುಡ್ಡ ವನ್ಯಜೀವಿಧಾಮ ಆಯಿತು, 244.15 ಚದರ ಕಿ.ಮೀ.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮ ಇದೆ. ಬಹಳ ಚರ್ಚೆಗಳಲ್ಲಿ ತಪ್ಪಿಹೋಗುವುದರಿಂದ ನಿಧಾನಕ್ಕೆ ಓದಿ. 'ಸಂರಕ್ಷಿತ ಮೀಸಲು' ಅನ್ನುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಸೇರಿದ 36ಎ ಕಲಂನ ಕೂಸು. ಸ್ಥಳೀಯ ಸಮುದಾಯಗಳ ಜೊತೆ ಸಮಾಲೋಚಿಸಿ, ಸರ್ಕಾರದ ಒಡೆತನದ ಭೂಮಿಯಲ್ಲಿ ರಾಜ್ಯ ಸರ್ಕಾರ ಅದನ್ನು ಘೋಷಿಸಬಹುದು. ಜನರ ಜೊತೆ ಮಾತಾಡಿ ಮಾಡಬೇಕಾದದ್ದು ಅನ್ನುವುದು ಅದರ ಬಲ. ಅದೇ ಅದರ ಸಡಿಲ ಗುಂಡಿಯೂ ಹೌದು. 'ಜನಾಭಿಪ್ರಾಯ ಸರಿಯಾಗಿ ಕೇಳಿಲ್ಲ' ಅಂತ ಒಂದು ಸಾಲು ಬರೆದು ತೆಗೆದುಹಾಕಬಹುದು. ಅಭಯಾರಣ್ಯ ಅಥವಾ ವನ್ಯಜೀವಿಧಾಮ ಹಾಗಲ್ಲ. 26ಎ ಕಲಂನಂತೆ ಒಮ್ಮೆ ಅಂತಿಮ ಘೋಷಣೆಯಾದ ಮೇಲೆ ಅದರ ಗಡಿ ಬದಲಿಸಬೇಕೆಂದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ವಿಧಾನಸೌಧದ ಒಂದು ಕಡತದಲ್ಲಿ ಮುಗಿಯುವ ಕೆಲಸವಲ್ಲ. 2016ರಲ್ಲಿ ಹನ್ನೊಂದು ತಿಂಗಳಿಗೆ ಕಿತ್ತುಹೋದದ್ದು, 2019ರ ನಂತರ ಹಾಗೆ ಕಿತ್ತುಹೋಗದಿರುವುದಕ್ಕೆ ರಾಜಕಾರಣಿಗಳ ಮನಪರಿವರ್ತನೆಗಿಂತ ಈ ಕಲಂ ಕಾರಣ ಅನ್ನುವುದು ನನ್ನ ಅನಿಸಿಕೆ.

ಹಾಗಂತ ಗಣಿ ಮುಗಿದ ಅಧ್ಯಾಯ ಅಲ್ಲ. ಗುಡ್ಡದ ಒಳಗೆ ಬಾಗಿಲು ಮುಚ್ಚಿದರೆ ಅಂಚಿನಲ್ಲಿ ಕಿಟಕಿ ತೆಗೆಯುತ್ತಾರೆ. ವನ್ಯಜೀವಿಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಅಂತಿಮವಾಗಿ ಗೊತ್ತಾಗುವವರೆಗೆ ಹತ್ತು ಕಿ.ಮೀ. ಒಳಗಿನ ಯೋಜನೆಗಳು ವನ್ಯಜೀವಿ ಮಂಡಳಿಯ ಮುಂದೆ ಬರಬೇಕು. 2024ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ ಹೀಗೆ ಬಂದ 28 ಗಣಿ ಪ್ರಸ್ತಾವನೆಗಳನ್ನು ತಿರಸ್ಕರಿಸಿತು. ಒಳ್ಳೆಯ ಸುದ್ದಿಯೇ. ಆದರೆ ಮಂಡಳಿಯ ನಿರ್ಣಯ ಕಾನೂನಲ್ಲ, ನಾಳೆ ಇನ್ನೊಂದು ಮಂಡಳಿ ಕೂತು ಇನ್ನೊಂದು ಮಾತು ಹೇಳಬಹುದು. ಗಟ್ಟಿಯಾಗಿ ಉಳಿದಿರುವುದು ಸುಪ್ರೀಂ ಕೋರ್ಟ್ ಮಾತು. 2022ರ ಜೂನ್‌ನಲ್ಲಿ ಎಲ್ಲ ಸಂರಕ್ಷಿತ ಕಾಡಿಗೆ ಕನಿಷ್ಠ ಒಂದು ಕಿ.ಮೀ. ಸೂಕ್ಷ್ಮ ವಲಯ ಇರಲೇಬೇಕು ಅಂದ ಕೋರ್ಟ್, 2023ರ ಏಪ್ರಿಲ್‌ನಲ್ಲಿ ಆ ಆದೇಶ ಸಡಿಲಿಸಿತು. ಅಭಯಾರಣ್ಯದ ಒಳಗೆ ಮತ್ತು ಗಡಿಯಿಂದ ಒಂದು ಕಿ.ಮೀ.ವರೆಗೆ ಗಣಿಗಾರಿಕೆ ಕೂಡದು ಅನ್ನುವುದನ್ನು ಮಾತ್ರ ಸಡಿಲಿಸಲಿಲ್ಲ. ಹಾಗಾಗಿ ಇಡೀ ಜಗಳ ಈಗ ಒಂದು ಮತ್ತು ಹತ್ತರ ನಡುವಿನ ಒಂಬತ್ತು ಕಿ.ಮೀ. ಪಟ್ಟಿಯದ್ದು. ಕ್ರಷರ್, ಕಲ್ಲು ಕ್ವಾರಿ, ಚಿನ್ನ, ಕಬ್ಬಿಣ, ಎಲ್ಲರ ಕಣ್ಣೂ ಅಲ್ಲೇ.

ಚಿನ್ನದ ಬಗ್ಗೆ ಒಂದು ಮಾತು. ಈ ಗುಡ್ಡದಲ್ಲಿ ಚಿನ್ನ ಇರುವುದು ದಂತಕತೆಯಲ್ಲ, ಬ್ರಿಟಿಷರ ಕಾಲದಲ್ಲೇ ಇಲ್ಲಿ ತೋಡಿದ್ದಾರೆ. ಆದರೆ ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಉಳಿದದ್ದೆಲ್ಲ ಪುಡಿಯಾದ ಕಲ್ಲು. ಸಾಮಾನ್ಯ ವಿಧಾನದಲ್ಲಿ ಚಿನ್ನ ಬಿಡಿಸುವುದು ಸೈನೈಡ್ ದ್ರಾವಣದಿಂದ. ಆ ಪುಡಿ-ರಾಡಿ ಶತಮಾನಗಟ್ಟಲೆ ಎಲ್ಲೋ ಒಂದು ಕಡೆ ಕೂರಬೇಕು. ತುಂಗಭದ್ರೆಯ ನೀರು ಕುಡಿಯುವ ಜಿಲ್ಲೆಯಲ್ಲಿ ಅದು ಎಲ್ಲಿ ಕೂರುತ್ತೆ ಅನ್ನುವುದು ಉದ್ಯೋಗದ ಸಂಖ್ಯೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಕುರಿಗಾರ ಮತ್ತು ತಾಂಡಾದ ಪ್ರಶ್ನೆ

ವನ್ಯಜೀವಿಧಾಮ ಬೇಕು ಅನ್ನುವ ನಮ್ಮಂಥವರು ಜಾರಿಕೊಳ್ಳುವ ಜಾಗ ಇದು. ಗುಡ್ಡದ ಬುಡದಲ್ಲಿ, ಒಳಗೆ, ಲಂಬಾಣಿ ತಾಂಡಾಗಳಿವೆ, ಕುರಿ ಮೇಯಿಸುವವರಿದ್ದಾರೆ, ಹಕ್ಕುಪತ್ರ ಇಲ್ಲದೆ ಉಳುಮೆ ಮಾಡಿಕೊಂಡು ಬಂದವರಿದ್ದಾರೆ. ಅರಣ್ಯ ಹಕ್ಕು ಕಾಯ್ದೆ, 2006 ಅವರಿಗೆ ದಾರಿ ತೋರಿಸಬೇಕಿತ್ತು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದೆವು ಅಂತ ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ಸಾಬೀತು ಮಾಡಬೇಕು. ಪಕ್ಕದ ತೆಲಂಗಾಣದಲ್ಲಿ ಲಂಬಾಡಿಗಳು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಅದೇ ಜನ, ಅದೇ ಭಾಷೆ, ಆದರೆ ಇಲ್ಲಿ 75 ವರ್ಷದ ಕಾಗದ ತರಬೇಕು. ಅಜ್ಜ ಅಕ್ಷರ ಕಲಿಯದ ಮನೆಯಲ್ಲಿ 75 ವರ್ಷದ ಕಾಗದ ಎಲ್ಲಿಂದ ಬರಬೇಕು?

ಗಣಿ ಕಂಪನಿಗಳಿಗೆ ಈ ಅಸಮಾಧಾನ ಚೆನ್ನಾಗಿ ಗೊತ್ತು. 'ಕಾಡಿನವರು ನಿಮ್ಮ ಕುರಿ ಓಡಿಸ್ತಾರ, ನಾವು ನೌಕರಿ ಕೊಡ್ತೀವಿ' ಅನ್ನುವ ಮಾತಿಗೆ ಕಿವಿ ಸಿಗುವುದು ಇಲ್ಲೇ. ವನ್ಯಜೀವಿಧಾಮದೊಳಗೆ ಮೇವಿನ ಹಕ್ಕನ್ನು ಪೂರ್ತಿ ಮುಚ್ಚಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಹಕ್ಕುಗಳನ್ನು ವಿಚಾರಿಸಿ ಇತ್ಯರ್ಥ ಮಾಡಬೇಕು, ಕೆಲವನ್ನು ಮುಂದುವರಿಸಲೂಬಹುದು ಅನ್ನುತ್ತೆ. ತೋಳ-ಕತ್ತೆಕಿರುಬಗಳ ಊಟದಲ್ಲಿ ಕುರಿಯೂ ಒಂದು ಪಾಲು ಅನ್ನುವುದು ಬಯಲುಸೀಮೆಯ ವಾಸ್ತವ. ಕುರಿ ಹೋದರೆ ತಕ್ಷಣ ಪರಿಹಾರ ಸಿಗುವ ವ್ಯವಸ್ಥೆ ಇಲ್ಲದಿದ್ದರೆ ವಿಷ ಹಾಕಿದ ಹೆಣ ಉತ್ತರವಾಗುತ್ತೆ. ಆ ಒಂದು ಹೆಣ ಹತ್ತು ಪ್ರಾಣಿ ತಿನ್ನುತ್ತೆ.

ಮಾಗಡಿ: ಹಿಮಾಲಯ ದಾಟಿ ಬರುವವರು

ಶಿರಹಟ್ಟಿಯಿಂದ ಎಂಟು, ಲಕ್ಷ್ಮೇಶ್ವರದಿಂದ ಹನ್ನೊಂದು, ಗದಗಿನಿಂದ ಇಪ್ಪತ್ತಾರು ಕಿ.ಮೀ. ದೂರದಲ್ಲಿ ಮಾಗಡಿ. ರಾಮನಗರದ ಮಾಗಡಿ ಅಲ್ಲ. ನೀರಾವರಿಗೆ ಮಳೆನೀರು ಹಿಡಿಯಲು ಕಟ್ಟಿದ ಕೆರೆ, 54.38 ಹೆಕ್ಟೇರ್. ನೋಡಲು ನಮ್ಮ ಕಡೆಯ ಯಾವುದೇ ಕೆರೆಯಂತೆ: ಮಣ್ಣಿನ ಏರಿ, ಜಾಲಿ, ಕಲ್ಲು. ಆದರೆ ಚಳಿಗಾಲದಲ್ಲಿ ಬೆಳಗಿನ ಹೊತ್ತು ಹೋದರೆ ನೀರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳ ದಂಡೇ ಕೂತಿರುತ್ತೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್, ಲಡಾಖ್‌ನ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. ಆಮ್ಲಜನಕ ತೀರಾ ಕಡಿಮೆ ಇರುವ ಎತ್ತರದಲ್ಲಿ ಹಾರಬಲ್ಲದ್ದು. ದಕ್ಷಿಣ ಭಾರತದಲ್ಲಿ ಅವು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೊಂದು.

ಅವು ಹಗಲು ಕೆರೆಯಲ್ಲಿ ವಿಶ್ರಾಂತಿ ಪಡೆಯುತ್ತವೆ, ಸಂಜೆ ಮೇಲೆದ್ದು ಸುತ್ತಲಿನ ಹೊಲಕ್ಕೆ ಮೇಯಲು ಹೋಗುತ್ತವೆ. ಅಂದರೆ ಮಾಗಡಿಯ ಹೆಬ್ಬಾತಿನ ಆವಾಸ 54 ಹೆಕ್ಟೇರ್ ಅಲ್ಲ. ಸುತ್ತಲಿನ ರೈತರ ಹೊಲವೂ ಅದರ ಪಾಲು. ಕೆರೆಗೆ ಬೇಲಿ ಹಾಕಬಹುದು, ಹೊಲಕ್ಕೆ ಹಾಕುವುದು ಹೇಗೆ? ಆ ರೈತರ ಸಹನೆಯೇ ಇಲ್ಲಿ ನಿಜವಾದ ಅರಣ್ಯ ಇಲಾಖೆ.

ರಾಜ್ಯ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಮಾಡಿದೆ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ, ಅಂಕಸಮುದ್ರದ ಜೊತೆ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಜೌಗುಭೂಮಿ ಒಪ್ಪಂದ ಅದು, ಭಾರತ 1982ರಲ್ಲಿ ಸಹಿ ಹಾಕಿತು. ಆ ಹೊತ್ತಿನ ಸರ್ಕಾರಿ ವಿವರದಲ್ಲಿ ಇಲ್ಲಿ 166ಕ್ಕೂ ಹೆಚ್ಚು ಹಕ್ಕಿ ಪ್ರಭೇದಗಳು, ಅದರಲ್ಲಿ 130 ವಲಸೆ ಬರುವಂಥವು, ಚಳಿಗಾಲದಲ್ಲಿ ಸುಮಾರು 8 ಸಾವಿರ ಹಕ್ಕಿಗಳು ಅಂತ ಇದೆ. ರಾಮ್ಸಾರ್ ಅಂದಕೂಡಲೇ ವಿಶ್ವಸಂಸ್ಥೆ ಬಂದು ಕಾಯುತ್ತೆ ಅಂದುಕೊಳ್ಳಬೇಡಿ. ಕೆಲಸಕ್ಕೆ ಬರುವುದು ನಮ್ಮದೇ 2017ರ ಜೌಗುಭೂಮಿ ನಿಯಮಗಳು: ರಾಮ್ಸಾರ್ ತಾಣಗಳಿಗೆ ಅವು ಅನ್ವಯಿಸುತ್ತವೆ, ಒತ್ತುವರಿ, ತ್ಯಾಜ್ಯ, ಕೈಗಾರಿಕೆಗೆ ತಡೆ ಇದೆ.

ನನಗಿರುವ ಅಂಜಿಕೆ ಬೇರೆ. ಬೋರ್ಡ್ ಬಿತ್ತು ಅಂದರೆ ಬಜೆಟ್ ಬರುತ್ತೆ. ಬಜೆಟ್ ಬಂದರೆ ಕೆರೆ ಸುತ್ತ ಪೇವರ್, ಲೈಟು, ಬೋಟು, ಸೆಲ್ಫಿ ಪಾಯಿಂಟು. ಹೂಳೆತ್ತುವ ಹೆಸರಲ್ಲಿ ಜೆಸಿಬಿ ಇಳಿಸಿ ಕೆರೆಯನ್ನು ಬಾವಿಯಂತೆ ಆಳ ಮಾಡುತ್ತಾರೆ. ಆಳದ ನೀರು ಬಹಳ ಹಕ್ಕಿಗಳಿಗೆ ಉಪಯೋಗವಿಲ್ಲ. ಕೊಕ್ಕರೆ, ಐಬಿಸ್, ಬಾತುಗಳಿಗೆ ಬೇಕಿರುವುದು ದಡದ ತೆಳು ನೀರು, ಕೆಸರು. ನಾವು ಕೊಳಕು ಅಂತ ನೋಡುವ ಆ ಅಂಚೇ ಅವುಗಳ ಊಟದ ತಟ್ಟೆ.

ಹೊಳೆಗೆ ಬರೋಣ

ಹಮ್ಮಿಗಿ ಬ್ಯಾರೇಜು ಗದಗ, ಕೊಪ್ಪಳ, ಬಳ್ಳಾರಿ ಭಾಗದ ನೀರಾವರಿಗೆ ಅಂತ ಹುಟ್ಟಿದ್ದು. ಅವಳಿ ನಗರದ ಕುಡಿಯುವ ನೀರಿಗೂ ಅದೇ ಆಧಾರ. ಲಕ್ಷ್ಮೇಶ್ವರ ಮೇಲ್ಭಾಗದ ಮೇವುಂಡಿಯಿಂದ ಅದೇ ನದಿಯ ನೀರನ್ನೇ ಎಳೆಯುತ್ತೆ. ಬ್ಯಾರೇಜಿನ ಹಿನ್ನೀರಿಗೆ ಸಿಕ್ಕ ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರದವರ ಪುನರ್ವಸತಿ ವರ್ಷಗಟ್ಟಲೆ ಎಳೆದಾಡಿತು. ಅದು ಮುಗಿಯದೆ ಪೂರ್ತಿ ಎತ್ತರಕ್ಕೆ ನೀರು ನಿಲ್ಲಿಸುವಂತಿಲ್ಲ. ಪರಿಹಾರ ಕೊಡದೆ ಉಳಿಸಿದ ದುಡ್ಡು ಹೀಗೆ ನಳದ ದಿನಗಳಲ್ಲಿ ವಸೂಲಾಗುತ್ತೆ.

ಮರಳಿನ ಕತೆ ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಯಾರೂ ಬರೆಯುವುದಿಲ್ಲ. ರಾತ್ರಿ ಟಿಪ್ಪರ್‌ಗಳ ಲೈಟು ಎಣಿಸಿದರೆ ಸಾಕು. ನದಿಯ ಮರಳು ಖಾಲಿ ಜಾಗವಲ್ಲ, ಅದು ನೀರಿನ ತಿಜೋರಿ. ಮೇಲೆ ಹರಿವು ನಿಂತಮೇಲೂ ಒಳಗೆ ನೀರು ಉಳಿದು ದಂಡೆಯ ಬಾವಿಗಳನ್ನು ಜೀವಂತ ಇಡುತ್ತೆ. ಆಮೆ, ಮೊಸಳೆ ಮೊಟ್ಟೆ ಇಡುವುದೂ ದಂಡೆಯ ಮರಳು-ಮಣ್ಣಿನಲ್ಲೇ.

ಕೆಳಗೆ, ಜಲಾಶಯ ದಾಟಿದ ಮೇಲೆ, ತುಂಗಭದ್ರೆಯ 34 ಕಿ.ಮೀ. ಉದ್ದದ ಪಾತ್ರ ಮುದ್ಲಾಪುರದಿಂದ ಕಂಪ್ಲಿವರೆಗೆ ನೀರುನಾಯಿ ಸಂರಕ್ಷಣಾ ಮೀಸಲು. 2015ರಲ್ಲಿ ಆದದ್ದು, ದೇಶದಲ್ಲೇ ಮೊದಲನೆಯದು. ಅದೂ 36ಎ ಕಲಂನ ಕೂಸೇ, ಮೇಲೆ ಹೇಳಿದ ಸಡಿಲ ಗುಂಡಿ ಅದಕ್ಕೂ ಇದೆ. ಹಮ್ಮಿಗಿ-ಸಿಂಗಟಾಲೂರಿನ ನಮ್ಮ ಪಾತ್ರ ಆ ಗಡಿಯ ಹೊರಗೆ. ಒಂದೇ ನದಿಯ ಒಂದು ತುಂಡಿಗೆ ಮೀನು, ಬಂಡೆ, ಮರಳು ಎಲ್ಲವೂ ವನ್ಯಜೀವಿಗಳ ಮನೆ. ಇನ್ನೊಂದು ತುಂಡಿಗೆ ಅದೇ ಮರಳು ಲೋಡಿನ ಲೆಕ್ಕದ ಸರಕು.

ಗಡಿ ಹಾಕಿದರೆ ಸಾಕೇ ಅನ್ನುವುದಕ್ಕೆ ಹೊರಗಿನ ಒಂದು ಉದಾಹರಣೆ. ಮೆಕ್ಸಿಕೊದ ಸೊನೋರಾದಲ್ಲಿ ಹುಟ್ಟಿ ಉತ್ತರಕ್ಕೆ ಅಮೆರಿಕದ ಅರಿಜೋನಾ ಮರುಭೂಮಿಗೆ ಹರಿಯುವ ಸ್ಯಾನ್ ಪೆಡ್ರೊ ಅನ್ನುವ ಚಿಕ್ಕ ನದಿ ಇದೆ. ಅಣೆಕಟ್ಟಿಲ್ಲ. ವಲಸೆ ಹಕ್ಕಿಗಳಿಗೆ ಅದೇ ಹಸಿರು ಹಾದಿ. 1988ರಲ್ಲಿ ಅಮೆರಿಕದ ಸಂಸತ್ತು ಅದರ ಸುಮಾರು 40 ಮೈಲಿ ದಂಡೆಯನ್ನು ಕಾನೂನು ಮಾಡಿ ಸಂರಕ್ಷಿಸಿತು. ಬೇಟೆಗೆ ಅಳಿದುಹೋಗಿದ್ದ ಬೀವರ್‌ಗಳನ್ನು 1999ರಿಂದ ತಂದು ಬಿಟ್ಟರು. ಇಷ್ಟಾದರೂ ನದಿಯ ಹರಿವಿನ ಮೇಲಿನ ಜಗಳ ಕೋರ್ಟುಗಳಲ್ಲಿ ದಶಕಗಟ್ಟಲೆ ನಡೆದಿದೆ. ಕಾರಣ ಗಡಿಯ ಹೊರಗಿನ ಊರು ಮತ್ತು ಸೇನಾ ನೆಲೆಯ ಬೋರ್‌ವೆಲ್‌ಗಳು. ಮರುಭೂಮಿಯ ನದಿ ಬೇಸಿಗೆಯಲ್ಲಿ ಬದುಕುವುದು ಪಕ್ಕದ ಅಂತರ್ಜಲದಿಂದ. ಆ ಅಂತರ್ಜಲಕ್ಕೆ ಬೇಲಿ ಗೊತ್ತಿಲ್ಲ. ಕಪ್ಪತಗುಡ್ಡದ ಗಡಿಯಾಚೆಯ ಒಂಬತ್ತು ಕಿ.ಮೀ. ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳುವವರಿಗೆ ಈ ನದಿಯನ್ನು ತೋರಿಸಬಹುದು.

ಮುಂದೇನು ನೋಡಬೇಕು

ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆ ಹೊರಡಿಸುವುದು ಕೇಂದ್ರದ ಪರಿಸರ ಸಚಿವಾಲಯ. ಮೊದಲು ಕರಡು ಗೆಜೆಟ್‌ನಲ್ಲಿ ಬರುತ್ತೆ. ಅಂದಿನಿಂದ 60 ದಿನ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಬರೆದು ಕಳಿಸಬಹುದು. ವಕೀಲರಾಗಬೇಕಿಲ್ಲ, ಆ ಊರಿನವರೇ ಆಗಬೇಕಿಲ್ಲ, ಇಮೇಲ್ ಸಾಕು. ಕರಡಿನ ಕೊನೆಗೆ ಹಳ್ಳಿಗಳ ಪಟ್ಟಿ, ಗಡಿಯ ಅಕ್ಷಾಂಶ-ರೇಖಾಂಶ ಇರುತ್ತವೆ. ನಿಮ್ಮ ಊರು ಗುಡ್ಡದ ಬುಡದಲ್ಲಿದ್ದರೆ ಮೊದಲು ಆ ಪಟ್ಟಿ ನೋಡಿ. ನಂತರ ಆ ಬಿಂದುಗಳನ್ನು ಫೋನಿನ ಮ್ಯಾಪ್‌ನಲ್ಲಿ ಹಾಕಿ. ಗಡಿ ಎಲ್ಲಿ ಹತ್ತು ಕಿ.ಮೀ. ದೂರ ಹೋಗುತ್ತೆ, ಎಲ್ಲಿ ಒಮ್ಮೆಲೆ ಒಂದು ಕಿ.ಮೀ.ಗೆ ಕುಗ್ಗುತ್ತೆ ಅಂತ ಕಾಣುತ್ತೆ. ಕುಗ್ಗಿದ ಕಡೆ ಸರ್ವೆ ನಂಬರು ಯಾರ ಹೆಸರಿನಲ್ಲಿದೆ ಅಂತ ಪಹಣಿ ತೆಗೆದು ನೋಡಲು ಮೊಬೈಲ್ ಸಾಕು, ಐದು ನಿಮಿಷದ ಕೆಲಸ.